ಡಿಸೆಂಬರಿಗೆ ಗೋವೆಯೇ ಯಾಕ್ರಿ?

ಕ್ರಿಸ್‌ಮಸ್ ರಜೆ ಬಂತೆಂದರೆ ಏಕಸಂಬಿ ಕಡೆಯ ಗೆಳೆಯರ ಬಳಗಕ್ಕೆ ಗೋವೆಯ ಹುಚ್ಚು ಹಿಡಿಯುತ್ತದೆ. ಅಲ್ಲಿನ ಪೋರ್ತುಗೀಜ್ ಬಂಗಲೆ ನೋಡಿ ‘ಎಷ್ಟ್ ಹಳೇದಲೇ’ ಎಂದು ಬಾಯಿ ತೆರೆಯುವವರು, ಇದೇ ಚಿಕ್ಕೋಡಿ ಸೀಮೆಯ ಅಂಕಲಿಯಲ್ಲಿ ಶಿತೋಳೆ ಸರಕಾರರ ವಾಡೆ ಇರುವುದನ್ನು ಮರೆತೇಬಿಡುತ್ತಾರೆ. ಆಷಾಢಿ ವಾರಿಯ ಪಾದಯಾತ್ರೆಯಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿಯ ಜತೆಗಿರುವ ಕುದುರೆಗಳು ಹೊರಡುವುದು ಇಲ್ಲಿಂದಲೇ. ಪಾಲಖಿ ಹೊರಡುವ ಆಳಂದಿಯವರೆಗೆ ಸುಮಾರು 300 ಕಿ.ಮೀ. ನಡೆದೇ ಹೋಗುತ್ತವೆ. ನಮ್ಮವರಿಗೋ ಅಂಕಲಿಗೂ ಎಸಿ ಕಾರೇ ಬೇಕು!

‘ಅಲ್ಲೇನ್ ಈಜುಕೊಳ ಐತೇನ?’ ಎಂಬ ಆಕ್ಷೇಪ ಬರುತ್ತದೆ. ಇಲ್ಲ, ಒಪ್ಪೋಣ. ಆದರೆ ಕೊಳಕ್ಕೆ ಇಳಿಯುವವರಿಗಿಂತ ದಂಡೆಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚಲ್ಲವೆ? ‘ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರ್’ ಎನ್ನುವುದು ಮಾತ್ರ ಗಟ್ಟಿ ತಕರಾರು. ಎರಡೆರಡು ಟ್ರೇಲರ್ ಎಳೆಯುತ್ತ, ಹಾಡು ಹಚ್ಚಿಕೊಂಡು ಹೊರಟದ್ದರ ಹಿಂದೆ ಸಿಕ್ಕರೆ ಅಂಕಲಿಯೂ ಆಳಂದಿಯಷ್ಟೇ ದೂರ. ಆದರೂ ಎಳ್ಳಮವಾಸ್ಯೆ ಇದೇ ಆಸುಪಾಸಿಗೆ ಬರುತ್ತದಲ್ಲ. ಪರಿಚಯದವರ ಹೊಲಕ್ಕೆ ಗಾಡಿ ತಿರುಗಿಸಿದರೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹೋಳಿಗೆಗೆ ಬಿಲ್ಲೂ ಇಲ್ಲ, ಜಿಎಸ್‌ಟಿಯೂ ಇಲ್ಲ. ‘ಇನ್ನೊಂದ್ ಹೋಳಿಗಿ ಹಾಕಿಸ್ಕೋರಿ’ ಎಂಬ ಜುಲುಮೆ ಮಾತ್ರ ತಪ್ಪುವುದಿಲ್ಲ.