ಉಗುಳು ಹಚ್ಚಿದ ಬೆರಳು

ನನ್ನ ಬಲಗೈ ಹೆಬ್ಬೆರಳು ನನ್ನದಲ್ಲವಂತೆ. ಹಾಗೆಂದು ತೀರ್ಪು ಕೊಟ್ಟದ್ದು ಸುಣ್ಣದ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಯಂತ್ರ. ರೇಷನ್ ಕಾರ್ಡಿಗೆ ಇ-ಕೆವೈಸಿ ಮಾಡಿಸಲೆಂದು ಸವಡಿಯಿಂದ ರೋಣದವರೆಗೆ ಸೈಕಲ್ ತುಳಿದು, ಒಂದು ತಾಸು ಪಾಳಿ ಹಚ್ಚಿ, ಬೆರಳಿಟ್ಟರೆ ಅದು ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತು. ಅರವತ್ತು ದಾಟಿದ ಮನುಷ್ಯ ಎದುರಿಗೇ ನಿಂತಿದ್ದೇನೆ, ಬೆರಳೂ ಕೈಗೆ ಅಂಟಿಕೊಂಡೇ ಇದೆ. ಆದರೂ ಹೊಂದಾಣಿಕೆ ಆಗಲಿಲ್ಲವಂತೆ.

"ಅಜ್ಜಾರ, ಬೆರಳು ಒರಸ್ರಿ," ಅಂದ ಹುಡುಗ. ಧೋತರಕ್ಕೆ ಒರೆಸಿದೆ. ಕೆಂಪು. "ತಲೀಗೆ ತಿಕ್ರಿ, ಎಣ್ಣಿ ಹತ್ತಿದ್ರ ಬರ್ತೈತಿ." ನನ್ನ ತಲೆಯಲ್ಲಿ ತಿಕ್ಕಿಕೊಳ್ಳುವಷ್ಟು ಕೂದಲಿಲ್ಲ. ಹಿಂದೆ ನಿಂತವನ ತಲೆಯಲ್ಲಿ ಎಣ್ಣೆ ಸೋರುತ್ತಿತ್ತು, ಆದರೆ ಕೇಳಲು ನಾಚಿಕೆಯಾಯಿತು. "ಒತ್ರಿ... ಅಷ್ಟ್ ಒತ್ತಬ್ಯಾಡ್ರಿ... ಹಗೂರಕ... ಒಂಚೂರು ಒತ್ರಿ." ಹೊಸ ಸೊಸೆಗೆ ರೊಟ್ಟಿ ಬಡಿಯಲು ಕಲಿಸುವ ಅತ್ತೆಯ ತಾಳ್ಮೆ ಆ ಹುಡುಗನಿಗೆ. ಕೊನೆಗೆ ನಾನು ಬೆರಳನ್ನು ಬಾಯಿಯ ಹತ್ತಿರ ಒಯ್ದೆ. "ಏ ಏ! ಉಗುಳು ಹಚ್ಚಬ್ಯಾಡ್ರಿ, ಮಶೀನ್ ಕೆಡ್ತೈತಿ!" ಅಂತ ಎದ್ದೇ ನಿಂತ.

ಆಮೇಲೆ ಒಟಿಪಿ. ಅದು ಹೋಗಿ ಮುಟ್ಟಿದ್ದು ಎಂದೋ ಬಂದಾದ ಸಿಮ್ಮಿಗೆ. ನಂಬರ್ ಬದಲಿಸಬಹುದಂತೆ. ಬದಲಿಸಲು ಏನು ಬೇಕು? ಹೆಬ್ಬೆಟ್ಟು. "ಸರ್ವರ್ ಡೌನ್ ಐತಿ, ಮುಂದಿನ ವಾರ ಬರ್ರಿ," ಎಂದು ಹುಡುಗ ನನ್ನನ್ನು ಬೀಳ್ಕೊಟ್ಟ. ನಮ್ಮ ಕಾಲದಲ್ಲಿ ಸರ್ವರ್ ಎಂದರೆ ಖಾನಾವಳಿಯಲ್ಲಿ ಝುಣಕ ನೀಡುವವನು. ಅವನೂ ಒಮ್ಮೊಮ್ಮೆ ಒದರಿದರೆ ಬರುತ್ತಿರಲಿಲ್ಲ, ಆದರೆ ಎಲ್ಲಿದ್ದಾನೆ ಅಂತ ಕಾಣುತ್ತಿತ್ತು.

ಹೊರಗೆ ಬಂದು ಬೇವಿನ ಗಿಡದ ನೆರಳಿಗೆ ನಿಂತು ಬೆರಳನ್ನೇ ನೋಡಿಕೊಂಡೆ. ನಮ್ಮ ಅಜ್ಜ ಸಾಲಿ ಮುಖ ನೋಡಲಿಲ್ಲ, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದ. ಅಪ್ಪ ಮುಲ್ಕಿ ಪರೀಕ್ಷೆ ಪಾಸಾಗಿ ಮೋಡಿ ಅಕ್ಷರದಂತೆ ಸುತ್ತಿ ಸುತ್ತಿ ಸಹಿ ಮಾಡಿದ. ನಾನು ಬಿ.ಎ. ಮಾಡಿ ಮತ್ತೆ ಹೆಬ್ಬೆಟ್ಟಿಗೆ ಬಂದೆ. ಅಜ್ಜನ ಹೆಬ್ಬೆಟ್ಟನ್ನು ಸಾಹುಕಾರ ಒಂದೇ ಸಲಕ್ಕೆ ಒಪ್ಪಿಕೊಳ್ಳುತ್ತಿದ್ದ ಎನ್ನುವುದಷ್ಟೇ ವ್ಯತ್ಯಾಸ. ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ 2010ರ ಸೆಪ್ಟೆಂಬರಿನಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರಲ್ಲ, ಆಮೇಲೆ ನಮ್ಮ ಸರದಿ ಬಂದಾಗ ನಾನೂ ಹತ್ತು ಬೆರಳು, ಎರಡು ಕಣ್ಣು ಒಪ್ಪಿಸಿ ಬಂದಿದ್ದೆ. ಅಂದಿನ ಬೆರಳೇ ಬೇರೆ, ಇಂದಿನ ಬೆರಳೇ ಬೇರೆ. ನಡುವೆ ಅದೆಷ್ಟು ಉಳ್ಳಾಗಡ್ಡಿ ಕಿತ್ತಿದ್ದೇನೆ, ಕಡಲೆ ಗಿಡ ಹಿರಿದಿದ್ದೇನೆ! ಬರಿಗೈಯಲ್ಲಿ ಕಡಲೆ ಗಿಡ ಹಿರಿದವರಿಗೆ ಗೊತ್ತು, ಅದರ ಹುಳಿ ಬೆರಳಿನ ಗೆರೆಗಳನ್ನು ಹೇಗೆ ತಿನ್ನುತ್ತದೆ ಎಂದು. ಅಕ್ಕಿ ತಿನ್ನುವವನ ಬೆರಳನ್ನು ಗುರುತಿಸುವ ಯಂತ್ರ ಮಾಡಿದವರು, ಬೆಳೆಯುವವನ ಬೆರಳು ಸವೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸೈಕಲ್ ಸ್ಟ್ಯಾಂಡು ತೆಗೆದರೆ ಹಿಂದಿನ ಗಾಲಿ ನೆಲ ನೆಕ್ಕುತ್ತಿತ್ತು.

ಈ ಸೈಕಲ್ ಅಪ್ಪನ ಕಾಲದ ಅಟ್ಲಾಸ್. ಮುಂದಿನ ಗಾಲಿಗೆ ಮೂವತ್ತೆರಡು ಕಡ್ಡಿ, ಹಿಂದಿನದಕ್ಕೆ ನಲವತ್ತು. ಹೊರೆ ಹೊರುವವನಿಗೆ ಎಂಟು ಕಡ್ಡಿ ಜಾಸ್ತಿ ಎನ್ನುವ ನ್ಯಾಯ ಸೈಕಲ್ಲಿಗೆ ಗೊತ್ತು. ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ 2020ರ ಜೂನ್ 3ಕ್ಕೆ ಕೆಲಸ ನಿಲ್ಲಿಸಿತು. ಅದೇ ದಿನ ವಿಶ್ವ ಸೈಕಲ್ ದಿನ. ಕಾರ್ಖಾನೆ ಮುಚ್ಚಿದರೂ ನನ್ನ ಸೈಕಲ್ ಮುಚ್ಚಿಲ್ಲ. ಆದರೆ ನಮ್ಮ ಎರಿ ಹೊಲದ ದಾರಿಯಲ್ಲಿ ಅದು ನನ್ನನ್ನು ಹೊರುವುದು ಎಂಟೇ ತಿಂಗಳು. ಮಳೆಗಾಲದ ನಾಲ್ಕು ತಿಂಗಳು ನಾನು ಅದನ್ನು ಹೊರುತ್ತೇನೆ. ಎರಿ ಮಣ್ಣು ಹಸಿಯಾಯಿತೆಂದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಿಲಾಯಿ ಮಾಡಿದಂತೆ ತುಂಬಿಕೊಳ್ಳುತ್ತದೆ. ಕಟ್ಟಿಗೆಯಿಂದ ಕೆತ್ತಿ ತೆಗೆದು ಹತ್ತು ಮಾರು ನೂಕಿದರೆ ಮತ್ತೆ ತುಂಬಿರುತ್ತದೆ.

ಹಾದಿಬದಿಗೆ ಪಂಚರ್ ತೆಗೆಯುವವನೊಬ್ಬ ಸಿಕ್ಕ. ಹೊಸಬ, ಬೈಕುಗಳ ಮೇಲೆ ಕೈ ಪಳಗಿದವನು. ಟೈರಿನ ಸಂದಿಗೆ ಲಿವರ್ ಹಾಕಿ ಎಬ್ಬಿಸಿ, ಕರುಳು ತೆಗೆದ ಹಾಗೆ ಟ್ಯೂಬ್ ಹೊರಗೆಳೆದ. ಗಾಳಿ ತುಂಬಿ ನೀರಿನ ಬುಟ್ಟಿಯಲ್ಲಿ ಮುಳುಗಿಸಿದ. ಬೆಳಗಿನಿಂದ ಎಷ್ಟೋ ಟ್ಯೂಬುಗಳ ಪಾಪ ತೊಳೆದ ಆ ನೀರು ಕರಗಾಗಿತ್ತು. ಒಂದು ಸುತ್ತು ತಿರುಗಿಸಿದ, ಗುಳ್ಳೆ ಬರಲಿಲ್ಲ. ಎರಡು ಸುತ್ತು, ಇಲ್ಲ. ನಾನು ಬಗ್ಗಿ ನೋಡಿದೆ; ಪಾಳಿಯಲ್ಲಿದ್ದ ಇನ್ನಿಬ್ಬರೂ ಬಗ್ಗಿ ನೋಡಿದರು. ಒಂದೂ ಇಲ್ಲ. ಆದರೆ ಇಷ್ಟು ಜನ ಬಗ್ಗಿ ನೋಡಿದ ಮೇಲೆ ಬರಿಗೈಲಿ ಕಳಿಸುವುದು ಹೇಗೆ? "ಇಲ್ಲೊಂದ್ ಸಣ್ಣದು ಐತ್ರೀ," ಎಂದು ಒಂದು ಕಡೆ ಉಸುಕಿನ ಕಾಗದ ತಿಕ್ಕಿ, ಸಲ್ಯೂಷನ್ ಹಚ್ಚಿ, ಊದಿ ಆರಿಸಿ, ತೇಪೆ ಕೂಡಿಸಿ, ಸುತ್ತಿಗೆಯಿಂದ ಬಡಿದು ದುಡ್ಡು ಇಸಿದುಕೊಂಡ. ತೂತಿಲ್ಲದ ಟ್ಯೂಬಿಗೆ ಅಷ್ಟು ಅಚ್ಚುಕಟ್ಟಾದ ತೇಪೆಯನ್ನು ನಾನು ಕಂಡಿರಲಿಲ್ಲ.

ಅರ್ಧ ದಾರಿಗೆ ಗಾಲಿ ಮತ್ತೆ ಮಲಗಿತು. ನೂಕುತ್ತ ನಡೆದೆ. ಎದುರುಗಾಳಿ ಬೇರೆ. ಗಾಳಿಗೆ ನಮ್ಮ ಸೀಮೆಯಲ್ಲಿ ಬರವೇ ಇಲ್ಲ. ಅತ್ತ ಗಜೇಂದ್ರಗಡದ ಗುಡ್ಡದ ಕಡೆ ಹೋದರೆ ಆಳೆತ್ತರವೇನು, ಗೋಪುರದೆತ್ತರದ ಫ್ಯಾನುಗಳು ಅದೇ ಗಾಳಿಯಿಂದ ಕರೆಂಟು ತೆಗೆಯುತ್ತವೆ. ಇತ್ತ ಒಂದು ಟ್ಯೂಬಿನಷ್ಟು ಗಾಳಿ ಹಿಡಿದಿಡಲು ನನ್ನಿಂದ ಆಗುತ್ತಿಲ್ಲ. ಬೆಲ್‌ಫಾಸ್ಟಿನ ಡನ್‌ಲಪ್ ಎಂಬ ದನದ ಡಾಕ್ಟರು ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ಟೈರು ಹಾಕಿ 1888ರಲ್ಲಿ ಪೇಟೆಂಟ್ ಪಡೆದನಂತೆ. ಮಗನ ಕುಂಡಿಗೆ ಸುಖವಾಯಿತು, ಜಗತ್ತಿಗೆ ಪಂಚರ್ ಬಂತು.

ಊರಲ್ಲಿ ನಮ್ಮ ಸೈಕಲ್ ಮಾಸ್ತರನ ಅಂಗಡಿ ತೆರೆದಿತ್ತು. ಸಾಲಿ ಮಾಸ್ತರನಲ್ಲ, ಆದರೆ ಊರಿನ ಅರ್ಧ ಜನಕ್ಕೆ ಸೈಕಲ್ ಕಲಿಸಿದವನು ಅವನೇ. ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಟ್ಟು ಮೊಣಕಾಲು ಕೆತ್ತಿಸಿದವನು. 2006-07ರಲ್ಲಿ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಅವನಿಗೆ ಸುಗ್ಗಿ. ಸೈಕಲ್ ಸರ್ಕಾರದ್ದು, ನಟ್ಟು ಬಿಗಿಯುವುದು ಮಾಸ್ತರನದು. ಕೊರೊನಾ ಕಾಲಕ್ಕೆ ಆ ಯೋಜನೆಯೂ ನಿಂತಿತು. ಈಗ ಅಂಗಡಿಯಲ್ಲಿ ಸೈಕಲ್ಲಿಗಿಂತ ರಾಜಕೀಯವೇ ಹೆಚ್ಚು ರಿಪೇರಿಗೆ ಬರುತ್ತದೆ.

ನಾನು ಹೋದಾಗ ಕಟ್ಟೆಯ ಮೇಲೆ ಮಹದಾಯಿ ಹರಿಯುತ್ತಿತ್ತು. ನರಗುಂದದಲ್ಲಿ ರೈತರು ಧರಣಿ ಕೂತದ್ದು 2015ರಲ್ಲಿ, ನ್ಯಾಯಮಂಡಳಿ ನಮಗೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟದ್ದು 2018ರಲ್ಲಿ, ಕೇಂದ್ರ ಅದನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿದ್ದು 2020ರಲ್ಲಿ. ಅಚ್ಚಾದ ನೀರನ್ನು ಕುಡಿಯುವುದು ಹೇಗೆಂದು ಚರ್ಚೆ. "ಹದಿಮೂರು ಬ್ಯಾರೆ ಯಾರರ ಕುಡೀಲಿ," ಎಂದ ಮಾಸ್ತರ ಚೈನಿಗೆ ಎಣ್ಣೆ ಬಿಡುತ್ತ, "ಆ ಪಾಯಿಂಟ್ ನಾಕು ಎರಡು ಐತೆಲ್ಲ, ಅಷ್ಟ ನಮ್ಮೂರಿಗೆ ಬಿಡ್ರಿ ಸಾಕು." ಯಾರೋ ಪಕ್ಷಗಳ ಒಳಜಗಳ ತೆಗೆದರು. ಮಾಸ್ತರನಿಗೆ ನೆನಪಾದದ್ದು ಉತ್ತರ ಪ್ರದೇಶ. 2017ರಲ್ಲಿ ಅಲ್ಲಿ ಅಪ್ಪ-ಮಗ ಒಂದೇ ಸೈಕಲ್ಲಿಗೆ ಜಗ್ಗಾಡಿ, ಚುನಾವಣಾ ಆಯೋಗ ಪಂಚಾಯಿತಿ ಮಾಡಿ ಸೈಕಲ್ ಗುರುತನ್ನು ಮಗನಿಗೆ ಕೊಟ್ಟಿತ್ತು. "ನನ್ನ ಹಂತ್ಯಾಕ ಬಂದಿದ್ರ ಕ್ಯಾರಿಯರ್ ಹಾಕಿ ಇಬ್ರನ್ನೂ ಕೂಡಸ್ತಿದ್ದೆ."

ನಾನು ಬೆರಳಿನ ಕತೆ ಹೇಳಿದೆ. ಮಾಸ್ತರ ನಗುತ್ತ ತನ್ನ ಎರಡೂ ಕೈ ಮುಂದೆ ಚಾಚಿದ. ಅವನದೂ ಮೂರು ಸಲ ನಪಾಸಾಗಿದೆಯಂತೆ. ಉಸುಕಿನ ಕಾಗದ ಹಿಡಿದು ಹಿಡಿದು ಬೆರಳ ತುದಿಗಳು ನದಿಯ ಕಲ್ಲಿನಂತೆ ನುಣುಪು. ಉಗುರಿನ ಸುತ್ತ ಗ್ರೀಸು ಎಂದೂ ಹೋಗದ ಕಾಡಿಗೆ. ವೋಟಿನ ದಿನ ಅವನದು ಇನ್ನೊಂದು ಪೇಚಾಟ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಹುಟ್ಟಿದ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಳಿಸಲಾಗದ ಶಾಯಿ ಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿ ಬಿಸಿಲು ಕಂಡರೆ ಕಪ್ಪಾಗುತ್ತದೆ. ಮಾಸ್ತರನ ಎಡಗೈ ತೋರುಬೆರಳು ಬೂತಿಗೆ ಹೋಗುವ ಮೊದಲೇ ಕಪ್ಪು. ಹಿಂದಿನ ಸಲ ಅಧಿಕಾರಿ ಕನ್ನಡಕ ಏರಿಸಿ, "ಆಗಲೇ ಹಾಕಿ ಬಂದೀರೇನು?" ಎಂದು ಕೇಳಿದರಂತೆ. "ವೋಟ್ ಅಲ್ರೀ ಸಾಹೇಬ್ರ, ಹರ್ಕ್ಯುಲಿಸ್ ಹಬ್ಬಿಗೆ ಗ್ರೀಸ್ ಹಾಕಿ ಬಂದೀನಿ," ಎಂದನಂತೆ ಇವನು.

ಇಷ್ಟು ಮಾತಾಡುತ್ತಲೇ ಮಾಸ್ತರ ನನ್ನ ಗಾಲಿಗೆ ಪಂಪು ಹೊಡೆದ. ಟ್ಯೂಬ್ ಬಿಚ್ಚಲಿಲ್ಲ, ಬುಟ್ಟಿ ಮುಟ್ಟಲಿಲ್ಲ. ತೋರುಬೆರಳನ್ನು ನಾಲಿಗೆಗೆ ತಾಗಿಸಿ, ವಾಲ್ವಿನ ಬಾಯಿಗೆ ಒಂದು ಹನಿ ಉಗುಳು ಸವರಿ, ಕೆಲಸ ಬಿಟ್ಟವನಂತೆ ನೋಡುತ್ತ ಕೂತ. ನಾನೂ ಕೂತೆ. ಉಗುಳು ಮೆಲ್ಲಗೆ ಉಬ್ಬಿತು. ಸಾಸಿವೆಯಷ್ಟಾಯಿತು, ಹೆಸರುಕಾಳಿನಷ್ಟಾಯಿತು, ಟಪ್ ಎಂದು ಒಡೆಯಿತು. ಮತ್ತೆ ಉಬ್ಬಿತು.

"ಪಂಚರ್ ಅಲ್ರೀ. ವಾಲ್‌ಟ್ಯೂಬ್ ಹೋಗೇತಿ."

ಎರಡು ಬೆರಳಗಲ ಕರಿ ರಬ್ಬರ್ ನಳಿಕೆ. ಹಳೆಯದು ಸೀಳಿ ಜಿಬುರಾಗಿತ್ತು. ಹೊಸದನ್ನು ನಾಲಿಗೆಗೆ ತಾಗಿಸಿ ತೇವ ಮಾಡಿ, ವಾಲ್ವಿನ ಕಡ್ಡಿಗೆ ಏರಿಸಿ, ನಟ್ಟು ಬಿಗಿದ. ಒಂದು ಬೀಡಿ ಹಚ್ಚುವಷ್ಟು ಹೊತ್ತು. ನಾನು ಎದ್ದು ನಿಂತೆ. ಮಾಸ್ತರ ಮಾತ್ರ ಆ ಹರಿದ ನಳಿಕೆ ಹಿಡಿದೇ ಕೂತಿದ್ದ. "ಎಲ್ಲಾರೂ ಮುಳ್ಳು ಹುಡುಕ್ತಾರ್ರೀ. ಗಾಳಿ ಹಾಕೂ ಬಾಯಾಗಿಂದನ ಹೊಂಟಿರ್ತೈತಿ." ಕಟ್ಟೆಯ ಮೇಲೆ ಮಹದಾಯಿಯ ಮಾತು ಒಂದು ಗಳಿಗೆ ನಿಂತಿತು. ಆಮೇಲೆ ಯಾರೋ ಚಹಾ ಹೇಳಿದರು.

ಮುಂದಿನ ವಾರ ಮತ್ತೆ ರೋಣಕ್ಕೆ ಹೋದೆ. ಅದೇ ಪಾಳಿ, ಅದೇ ಹುಡುಗ, ಅದೇ ಡಬ್ಬಿ. ಬೆರಳು ಒರೆಸಿದೆ, ಕೆಂಪು. ಒತ್ತಿದೆ, ಕೆಂಪು. ಹಗುರ ಮಾಡಿದೆ, ಕೆಂಪು. ಅಷ್ಟರಲ್ಲಿ ಅವನ ಮೊಬೈಲ್ ಒದರಿತು. ಆತ ಆ ಕಡೆ ಹೊರಳಿದ್ದೇ ತಡ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ವಾಲ್ವಿನ ಬಾಯಿಗೆ ಸವರುವಷ್ಟೇ ಹಗುರವಾಗಿ ಗಾಜಿನ ಮೇಲಿಟ್ಟೆ.

ಹಸಿರು.

ಹುಡುಗ ಹೊರಳಿ ನೋಡಿ ಖುಷಿಯಾದ. "ಬಂತ್ ನೋಡ್ರಿ ಅಜ್ಜಾರ! ನಾ ಹೇಳ್ಲಿಲ್ಲೇನ, ಸರ್ವರ್ ಸರಿಯಾದ್ರ ಆಕ್ಕೈತಿ ಅಂತ?"

"ಹೌದಪಾ," ಎಂದು ನಾನು ಬೆರಳನ್ನು ಧೋತರದ ಅಂಚಿಗೆ ಒರೆಸಿಕೊಂಡೆ.