ಏರಿದ ಪಾದರಸ ಯಾರ ಲೆಕ್ಕಕ್ಕೆ?

ದೊಡ್ಡಬಳ್ಳಾಪುರದ ನೇಕಾರರ ಬೀದಿ. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ನಿವೃತ್ತರಾದವರೊಬ್ಬರ ಜಗಲಿಯ ಮೇಲೆ ಒಂದು ಹಳೇ ಪಾದರಸದ ಬಿ.ಪಿ. ಮಿಷನ್ ಠಿಕಾಣಿ ಹೂಡಿದೆ. ಮಿಲಿಟರಿ ಆಸ್ಪತ್ರೆಯ ಹರಾಜಿನಲ್ಲಿ ಬಂದದ್ದು. ಅಕ್ಕಪಕ್ಕದ ಪವರ್‌ಲೂಮ್‌ಗಳು ಬಡಿಯುವಾಗ ಸ್ಟೆತಾಸ್ಕೋಪಿಗೇ ಏನೂ ಕೇಳಿಸದು, ಇನ್ನು ನನಗೆಲ್ಲಿ? ಕರೆಂಟ್ ಹೋದ ಹೊತ್ತು ನೋಡಿ ಈ ಮಿಷನ್ನಿನ ಸಂದರ್ಶನಕ್ಕೆ ಕೂತೆ.

ಪ್ರ: ಸೇನೆಯಲ್ಲಿ ತಮ್ಮ ಹುದ್ದೆ ಏನಿತ್ತು?

ಉ: ಹುಡುಗ ಭರ್ತಿ ಆಗೋವಾಗ ತೋಳು ಹಿಂಡೋದು, ಮನೆಗೆ ಹೋಗೋವಾಗ ಅದೇ ತೋಳನ್ನ ಇನ್ನೊಂದ್ಸಲ ಹಿಂಡೋದು. ನಮ್ಮ ಕುಲವೇ ಮಿಲಿಟರಿ ಸ್ವಾಮಿ. ರಟ್ಟೆಗೆ ಪಟ್ಟಿ ಕಟ್ಟಿ, ರಕ್ತದ ಸದ್ದು ಆಲಿಸಿ ಒತ್ತಡ ಹೇಳಬಹುದು ಅಂತ 1905ರಲ್ಲಿ ತೋರಿಸಿಕೊಟ್ಟ ಕೊರೊಟ್‌ಕೊವ್ ಸೇಂಟ್ ಪೀಟರ್ಸ್‌ಬರ್ಗಿನ ಮಿಲಿಟರಿ ವೈದ್ಯಕೀಯ ಅಕಾಡೆಮಿಯ ಡಾಕ್ಟರು. ಅವತ್ತಿಂದ ಸದ್ದು ಕೇಳಿಸ್ತಾನೇ ಇದೆ. ಕೇಳಿದೋರು ಏನು ಬರೀತಾರೆ ಅನ್ನೋದೇ ತಕರಾರು.

ಪ್ರ: ಏನು ಬರೆಯುತ್ತಾರೆ?

ಉ: ಸೇರೋವಾಗ ನಾನು 120/80 ತೋರಿಸ್ತೀನಿ, ‘ಫಿಟ್’ ಅಂತಾರೆ. ಇಪ್ಪತ್ತು ವರ್ಷ ಕಳೆದ ಮೇಲೆ 150/100. ರಿಲೀಸ್ ಮೆಡಿಕಲ್ ಬೋರ್ಡ್ ಕೂತು ‘ಪ್ರೈಮರಿ ಹೈಪರ್‌ಟೆನ್ಷನ್, 30 ಪರ್ಸೆಂಟ್, ಜೀವನಪರ್ಯಂತ’ ಅಂತ ಬರೆಯುತ್ತೆ. ಅಲ್ಲೀತನಕ ನನ್ನ ಮಾತಿಗೆ ಬೆಲೆ. ಪಕ್ಕದ ಕಾಲಮ್‌ನಲ್ಲಿ ಒಂದು ಷರಾ: ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.’ ಅದು ನಾನು ತೋರಿಸಿದ್ದಲ್ಲ. ನನ್ನ ಗಾಜಿನ ಮೇಲೆ ಅಂಥ ಗೆರೆಯೇ ಇಲ್ಲ.

ಪ್ರ: ಒಂದು ಷರಾದಿಂದ ಅಂಥಾ ನಷ್ಟವೇನು?

ಉ: ಅಂಗವೈಕಲ್ಯ ಪಿಂಚಣಿ ಕೊಡೋಕೆ 1961ರ ಪಿಂಚಣಿ ನಿಯಮಾವಳಿಯ 173ನೇ ನಿಯಮ ಎರಡನ್ನ ಕೇಳ್ತಿತ್ತು. ಅಂಗವೈಕಲ್ಯ 20 ಪರ್ಸೆಂಟಾದರೂ ಇರಬೇಕು, ಅದಕ್ಕೂ ಸೇವೆಗೂ ನಂಟಿರಬೇಕು. ನಂಟಿಲ್ಲ ಅಂದ್ರೆ ಮೂವತ್ತಾದರೇನು, ತೊಂಬತ್ತಾದರೇನು, ಕೈಗೆ ಬರೋದು ಸೊನ್ನೆ. ನಂಟಿದೆ ಅಂದ್ರೆ ಲೆಕ್ಕ ಬೇರೆ. ನೂರಕ್ಕೆ ನೂರು ವೈಕಲ್ಯಕ್ಕೆ ಕಡೇ ಸಂಬಳದ 30 ಪರ್ಸೆಂಟ್. ಸಂಬಳ 40,000 ಇತ್ತು ಅನ್ನಿ, 30 ಪರ್ಸೆಂಟಿನವನಿಗೆ ತಿಂಗಳಿಗೆ 3,600. ರಾಮ್ ಅವತಾರ್ ಕೇಸಲ್ಲಿ 2014ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಹಾಗೆ ಮೂವತ್ತನ್ನ ಐವತ್ತು ಅಂತ ಹಿಡಿದರೆ 6,000. ಮಗಳ ಕಾಲೇಜಿನ ಬಸ್ಸಿಗೂ ಫೀಸಿಗೂ ಆಗೋ ದುಡ್ಡು.

ಪ್ರ: ನಂಟಿಲ್ಲ ಎನ್ನಲು ಬೋರ್ಡಿಗೂ ಕಾರಣ ಇರಬೇಕಲ್ಲ?

ಉ: ಇದೆ. ‘ಪೀಸ್ ಸ್ಟೇಷನ್’ನಲ್ಲಿ, ಅಂದ್ರೆ ಕಾಳಗವಿಲ್ಲದ ಠಾಣ್ಯದಲ್ಲಿ, ಕಾಯಿಲೆ ಶುರುವಾಯ್ತು ಅಂತ. ಡಾಕ್ಟರುಗಳ ಕೈಪಿಡಿ ಒಂದಿತ್ತು, 2002ರದು. ಗಡಿಯ ಫೀಲ್ಡು, ಎತ್ತರದ ಹಿಮ, ಉಗ್ರರ ವಿರುದ್ಧದ ಕಾರ್ಯಾಚರಣೆ, ತಿಂಗಳುಗಟ್ಟಲೆ ಹಡಗಿನ ಸೇವೆ, ಇಂಥಲ್ಲಿ ಬಿ.ಪಿ. ಕಾಣಿಸಿಕೊಂಡರೆ ಸೇವೆಯಿಂದ ಹೆಚ್ಚಾಯ್ತು ಅಂತ ಒಪ್ಪಬಹುದು ಅಂತ ಅದರ ಮಾತು. ಅಂದ್ರೆ ರಕ್ತಕ್ಕೆ ಮೂವ್‌ಮೆಂಟ್ ಆರ್ಡರ್ ಓದೋಕೆ ಬರಬೇಕು! ಸಿಯಾಚಿನ್‌ನಲ್ಲಿ ಏರಿದರೆ ದೇಶಸೇವೆ, ಬೆಂಗಳೂರಿಗೆ ಪೋಸ್ಟಿಂಗ್ ಸಿಕ್ಕಿ ಟ್ರಂಕು ಇಳಿಸಿದ ಮೇಲೆ ಏರಿದರೆ ಮನೆತಾಪತ್ರಯ. ಈ ಕಾಯಿಲೆ ಬೂಟು ಕುಟ್ಟಿಕೊಂಡು ಬರಲ್ಲ ಸ್ವಾಮಿ. ವರ್ಷಗಟ್ಟಲೆ ಸದ್ದಿಲ್ಲದೆ ಏರುತ್ತೆ. ತಪಾಸಣೆಗೆ ಕೂತ ದಿನ ಕಣ್ಣಿಗೆ ಬೀಳುತ್ತೆ.

ಪ್ರ: ‘ಜೀವನಶೈಲಿ ಕಾಯಿಲೆ’ ಎಂದೂ ಹೇಳುತ್ತಾರೆ.

ಉ: (ಪಾದರಸ ನಾಲ್ಕು ಗೆರೆ ಮೇಲೇರಿತು.) ಯಾರ ಜೀವನಶೈಲಿ? ಲಂಗರ್ ಅನ್ನೋ ಅಡುಗೆಮನೆ ಸರ್ಕಾರದ್ದು, ದಾಲ್‌ಗೆ ಉಪ್ಪು ಸುರಿದ ಭಟ್ಟ ಸರ್ಕಾರದೋನು. ರಾತ್ರಿ ಎಷ್ಟೊತ್ತು ಕಣ್ಣು ಮುಚ್ಚಬಹುದು ಅಂತ ಹೇಳೋದು ಗಾರ್ಡ್ ಡ್ಯೂಟಿ ಪಟ್ಟಿ. ರಮ್ಮು ಕ್ಯಾಂಟೀನಿನದು, ಅದೂ ಕೋಟಾ ಪ್ರಕಾರ. ಸೈನಿಕ ಊರಿಗೆ ಬಂದು ಮುದ್ದೆ, ಬಸ್ಸಾರು ಉಂಡದ್ದು ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ. ಆ ಎರಡು ತಿಂಗಳ ಬಸ್ಸಾರು ಮಿಕ್ಕ ಹತ್ತು ತಿಂಗಳ ಲಂಗರನ್ನ ಸೋಲಿಸಿಬಿಡ್ತು ಅಂತ ಬೋರ್ಡಿನ ತೀರ್ಮಾನ. ನಮ್ಮ ಕಡೆ ಹೆಣ್ಣುಮಕ್ಕಳ ಕೈರುಚಿಗೆ ಇಷ್ಟು ದೊಡ್ಡ ಸರ್ಟಿಫಿಕೇಟು ಬೇರೆ ಯಾರೂ ಕೊಟ್ಟಿಲ್ಲ.

ಪ್ರ: ಸುಳ್ಳು ಹೇಳಿ ಗಿಟ್ಟಿಸುವವರು ಇಲ್ಲವೇ?

ಉ: ಇದಾರೆ, ಯಾಕೆ ಮುಚ್ಚಿಡಲಿ? ಬೋರ್ಡಿನ ದಿನ ಬೆಳಿಗ್ಗೆ ಉಪ್ಪಿನಕಾಯಿ ನೆಕ್ಕಿ, ಮೂರು ಲೋಟ ಕಾಫಿ ಇಳಿಸಿ, ಮೆಟ್ಟಿಲು ಹತ್ತಿ ಓಡಿಬರೋರನ್ನ ನೋಡಿದೀನಿ. ದೊಡ್ಡ ಅಧಿಕಾರಿಗಳಿಗೇ ಈ ಪಿಂಚಣಿ ಹೆಚ್ಚಾಗಿ ಹೋಗ್ತಿದೆ ಅಂತ ಸಿಎಜಿ ಕೂಡ ಎತ್ತಿ ತೋರಿಸ್ತು. ಇಂಥೋರನ್ನ ತಡೆಯೋಕೆ ಅಂತ 2023ರ ಸೆಪ್ಟೆಂಬರಲ್ಲಿ ಹೊಸ ನಿಯಮ ಬಂತು. ಆದ್ರೆ ಕಳ್ಳನನ್ನ ಹಿಡಿಯೋದು ಕಷ್ಟ ಅಂತ ಸಾಲಲ್ಲಿ ನಿಂತಿರೋ ಎಲ್ಲರನ್ನೂ ವಾಪಸ್ ಕಳಿಸೋದು ಯಾವ ತಪಾಸಣೆ?

ಪ್ರ: ಕೋರ್ಟುಗಳು ಸೈನಿಕರ ಪರವೇ ಹೇಳಿವೆಯಲ್ಲ?

ಉ: ಚೆನ್ನಾಗೇ ಹೇಳಿವೆ. ಮೂರ್ಛೆರೋಗದಿಂದ ಮನೆಗೆ ಹೋದ ಧರಮ್‌ವೀರ್ ಸಿಂಗ್ ಕೇಸಲ್ಲಿ, 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳ್ತು. ಸೇರೋವಾಗ ಕಾಯಿಲೆ ಅಂತ ನೀವು ಬರೆದಿಲ್ಲವಾದರೆ ಅವನು ಗಟ್ಟಿಮುಟ್ಟಾಗಿದ್ದ ಅಂತಲೇ ಲೆಕ್ಕ. ಸೇವೆಯಿಂದ ಬಂದದ್ದಲ್ಲ ಅಂತ ಸಾಬೀತು ಮಾಡೋ ಹೊರೆ ನಿಮ್ಮದು, ಅನುಮಾನ ಬಂದರೆ ಅದರ ಲಾಭ ಅವನದು. 2015ರಲ್ಲಿ ರಕ್ಷಣಾ ಮಂತ್ರಿಗಳೇ ನೇಮಿಸಿದ ತಜ್ಞರ ಸಮಿತಿ, ಸೈನಿಕರ ಮೇಲೆ ಇಂಥ ಅಪೀಲು ಹಾಕೋದು ಬಿಡಿ ಅಂತು. ಬಿಟ್ಟರಾ? 2025ರಲ್ಲಿ ದೆಹಲಿ ಹೈಕೋರ್ಟು ಒಂದೇ ಏಟಿಗೆ ಸರ್ಕಾರದ ಸುಮಾರು 300 ಅರ್ಜಿ ವಜಾ ಮಾಡ್ತು. ಪೀಸ್ ಸ್ಟೇಷನ್ ಅಂದ ಮಾತ್ರಕ್ಕೆ ಪಿಂಚಣಿ ತಪ್ಪಿಸೋಕೆ ಆಗಲ್ಲ ಅಂತು. ಮುನ್ನೂರು ಸಲ ಸೋಲೋಕೆ ಎಂಥ ತಾಳ್ಮೆ ಬೇಕು! ಅವರ ಬಿ.ಪಿ. ಒಮ್ಮೆ ನೋಡಬೇಕು ಅಂತ ನನಗೆ ಆಸೆ.

ಪ್ರ: ನಮ್ಮ ಜಿಲ್ಲೆಯವನು ಹೋರಾಡಬೇಕಾದರೆ?

ಉ: ಆರು ತಿಂಗಳೊಳಗೆ ಮೊದಲ ಅಪೀಲು. ಅದನ್ನ ನೋಡೋರು ಅದೇ ಇಲಾಖೆಯೋರು. ತಿರಸ್ಕಾರ ಆದ್ರೆ ಎರಡನೇ ಅಪೀಲು, ಅಲ್ಲೂ ಅವರೇ. ಆಮೇಲೆ 2007ರ ಕಾಯ್ದೆಯಡಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬೆಂಗಳೂರಲ್ಲಿ ಸೇನೆಯ ಇಷ್ಟೊಂದು ಸೆಂಟರುಗಳು, ಕಮಾಂಡ್ ಆಸ್ಪತ್ರೆ ಎಲ್ಲ ಇದ್ರೂ ನಾವು ಕೊಚ್ಚಿ ಪೀಠದ ವ್ಯಾಪ್ತಿ. ಅಷ್ಟರಲ್ಲಿ ಹವಾಲ್ದಾರ್ರು ಹೊಸಕೋಟೆ ಗೋಡೌನಿಗೋ ದೇವನಹಳ್ಳಿ ಕಡೆ ಯಾವುದಾದರೂ ಲೇಔಟಿಗೋ ರಾತ್ರಿಪಾಳಿ ಕಾವಲುಗಾರ. ಹೋದ ವಾರ ಒಬ್ಬರು ತಿರಸ್ಕಾರದ ಕಾಗದ ಜೇಬಲ್ಲಿಟ್ಟುಕೊಂಡೇ ಬಂದು ತೋಳು ಕೊಟ್ರು. 170. ‘ಇದು ಯಾವ ಕಾಲಮ್ಮಿಗೆ ಬರೀಲಿ ಸಾರ್?’ ಅಂತ ನಮ್ಮ ಯಜಮಾನರು ಕೇಳಿದ್ರು. ಇಬ್ಬರೂ ನಕ್ಕರು. ಮತ್ತೆ ಅಳತೆ ಮಾಡಿದ್ರೆ 164ಕ್ಕೆ ಇಳಿದಿತ್ತು.

ಪ್ರ: ತಮ್ಮನ್ನು ಸೇನೆ ಏಕೆ ಬಿಟ್ಟಿತು?

ಉ: ಪಾದರಸ ವಿಷ ಅಂತ ಮಿನಮಾಟಾ ಒಪ್ಪಂದ ಆಯ್ತಲ್ಲ, 2020ರ ಗಡುವು. ನನ್ನನ್ನೂ ಬೋರ್ಡಿನ ಮುಂದೆ ಇಟ್ರು. ರಬ್ಬರ್ ಟ್ಯೂಬು ಬಿರುಕು, ಬಲ್ಬು ಸೋರುತ್ತೆ, ಪಟ್ಟಿ ಹರಿದಿದೆ. ಮೂರು ಜನ ಅಧಿಕಾರಿಗಳು ಕೂತು, ಚಹಾ ಆರೋದ್ರೊಳಗೆ ಸಹಿ ಹಾಕಿ ಮುಗಿಸಿದ್ರು. ‘ಫೇರ್ ವೇರ್ ಅಂಡ್ ಟೇರ್’ ಅಂತ.

ಪ್ರ: ಅಂದರೆ?

ಉ: ಸೇವೆಯಲ್ಲೇ ಸವೆದದ್ದು ಅಂತ. ಪೀಸ್ ಸ್ಟೇಷನ್‌ನಲ್ಲಿ ಸವೆದೆಯೋ ಫೀಲ್ಡಲ್ಲೋ ಅಂತ ಯಾರೂ ಕೇಳಲೂ ಇಲ್ಲ.