ಹುಳಿಗೆ ಹೆದರುವ ಕಲ್ಲು

ಬೆಂಗಳೂರಿನಲ್ಲಿ ಮನೆ ಕಟ್ಟುವವರು ಮೊದಲು ಕಲ್ಲು ತೆಗೆಸಲು ದುಡ್ಡು ಕೊಡುತ್ತಾರೆ, ಆಮೇಲೆ ಕಲ್ಲು ಹಾಕಿಸಲು ದುಡ್ಡು ಕೊಡುತ್ತಾರೆ. ನೀರಿನ ಸಂಪು ತೋಡುವಾಗ ಆರಡಿಗೇ ಬಂಡೆ ಎದುರಾದರೆ ಯಜಮಾನರ ಮುಖ ಕಪ್ಪಿಡುತ್ತದೆ. ಲಾಲ್‌ಬಾಗಿನಲ್ಲಿ ಅಂಥದೇ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಫಲಕ ಹಾಕಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂದಿದ್ದಾರೆ. ಸ್ವಂತ ಸೈಟಿನಲ್ಲಿ ಸಿಕ್ಕರೆ ಅದು ಬ್ರೇಕರ್‌ನವನ ಗಂಟೆ ಲೆಕ್ಕದ ಬಿಲ್ಲು, ಅಷ್ಟೇ. ಒಡೆಸಿ, ಟ್ರ್ಯಾಕ್ಟರಿಗೆ ತುಂಬಿಸಿ, ಪೀಡೆ ತೊಲಗಿತೆಂದು ಕೈತೊಳೆದುಕೊಂಡ ಯಜಮಾನರು ನೇರ ಶೋರೂಮಿಗೆ ಹೋಗಿ ಇಟಲಿಯ ಕಲ್ಲು ಕೇಳುತ್ತಾರೆ.

ಅಲ್ಲಿ ಟೈ ಕಟ್ಟಿಕೊಂಡ ಹುಡುಗ ಸ್ಲ್ಯಾಬಿನ ಮೇಲೆ ನೀರು ಚಿಮುಕಿಸಿ, ‘ಕರಾರಾ ಸಾರ್. ಮೈಕೆಲಾಂಜೆಲೊ ಡೇವಿಡ್ ಮೂರ್ತಿ ಕೆತ್ತಿದ್ದು ಇದೇ ಊರಿನ ಕಲ್ಲಲ್ಲಿ’ ಅನ್ನುತ್ತಾನೆ. ಮಾತು ನಿಜವೇ. ಆದರೆ ಡೇವಿಡ್ಡನ ಪಾದದ ಹತ್ತಿರ ಕೂತು ಯಾರೂ ಬಿಸಿಬೇಳೆಬಾತಿಗೆ ಹುಣಸೆಹಣ್ಣು ಕಿವುಚುವುದಿಲ್ಲ.

ಅಮೃತಶಿಲೆ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲೇ ಭೂಮಿಯೊಳಗೆ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡದ್ದು. ಹುಳಿ ಬಿದ್ದಲ್ಲಿ ಅದು ಕರಗುತ್ತದೆ. ಅಲ್ಲಿ ಉಳಿಯುವ ಮಂಕು ಮಚ್ಚೆ ಒರೆಸಿದರೆ ಹೋಗುವ ಕಲೆಯಲ್ಲ, ಮೇಲ್ಪದರವೇ ತಿಂದುಹೋಗಿರುತ್ತದೆ. ಮತ್ತೆ ಉಜ್ಜಿಸಿ ಪಾಲಿಶ್ ಮಾಡಿಸಬೇಕು. ಸೀಲರ್ ಬಳಿದರೆ ಎಣ್ಣೆ, ಅರಿಸಿನ ಒಳಗಿಳಿಯುವುದು ತಡವಾಗುತ್ತದೆಯೇ ಹೊರತು ಹುಳಿ ಕಚ್ಚುವುದು ತಪ್ಪುವುದಿಲ್ಲ. ಈ ವಿಷಯವನ್ನು ಬಿಲ್ಲು ಆದಮೇಲೆ ಹೇಳುವುದು ವ್ಯಾಪಾರದ ಧರ್ಮ. ಬೆಳಗ್ಗೆ ಚಿತ್ರಾನ್ನಕ್ಕೆ ನಿಂಬೆ, ಮಧ್ಯಾಹ್ನ ಸಾರಿಗೆ ಹುಣಸೆ, ರಾತ್ರಿ ಮಜ್ಜಿಗೆ, ಕರಾವಳಿಯವರಾದರೆ ಮೇಲೊಂದು ಲೋಟ ಪುನರ್ಪುಳಿ: ಹುಳಿಯಿಲ್ಲದೆ ಹೊತ್ತು ಕಳೆಯದ ನಾಡು ಹುಡುಕಿ ಹುಡುಕಿ ತಂದ ಕಲ್ಲು ಇದು.

ಹುಳಿ ಬಿಟ್ಟರೆ ಧೂಳು. ಗಡಸುತನದ ಮೋಸ್ ಮಾಪಕದಲ್ಲಿ ಅಮೃತಶಿಲೆಗೆ 3 ಅಂಕ, ಮರಳಿನಲ್ಲಿರುವ ಸ್ಫಟಿಕಕ್ಕೆ 7. ಅಂದರೆ ಬೆಂಗಳೂರಿನ ರಸ್ತೆಯಿಂದ ಚಪ್ಪಲಿಗೆ ಅಂಟಿ ಬಂದ ಒಂದು ಚಿಟಿಕೆ ಮರಳು ಇಟಲಿಗೆ ಗೀರು ಹಾಕಬಲ್ಲದು. ನಮ್ಮ ಪಾಲಿಕೆಗೆ ಇಷ್ಟು ದೊಡ್ಡ ಅಂತರರಾಷ್ಟ್ರೀಯ ಸಾಮರ್ಥ್ಯ ಇರುವುದು ಪಾಲಿಕೆಗೇ ಗೊತ್ತಿಲ್ಲ.

ಹಾಗಾದರೆ ಇಲ್ಲಿ ಕಲ್ಲಿಲ್ಲವೇ? ಇಳಕಲ್ಲಿನ ಕೆಂಪು ಗ್ರಾನೈಟ್ ಇದೆ, ಸಾದರಹಳ್ಳಿಯ ಬೂದುಗಲ್ಲಿದೆ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆ ಹೋಗಿ ಅಲ್ಲಿನವರ ಸಮಾಧಿಗಳ ಮೇಲೆ ಮಿಂಚುತ್ತದೆ. ಇಲ್ಲಿ ಬದುಕಿರುವವರಿಗೆ ಮಾತ್ರ ಅದು ತೀರಾ ಮಾಮೂಲು. ಶಹಾಬಾದ್ ಕಲ್ಲು ಅಂದರಂತೂ ‘ಛೇ, ಅದು ದನದ ಕೊಟ್ಟಿಗೆಗೆ’ ಎಂಬ ಉತ್ತರ. (ಅದೂ ಸುಣ್ಣದ ಕಲ್ಲೇ, ಹುಳಿಗೆ ಅದೂ ಬಗ್ಗುತ್ತದೆ. ಆದರೆ ಮೊದಲೇ ಹೊಳೆಯದ ನೆಲಕ್ಕೆ ಹೊಳಪು ಹೋದೀತೆಂಬ ಚಿಂತೆ ಇಲ್ಲ.) ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟ 10ನೇ ಶತಮಾನದಿಂದ ಬಿಸಿಲುಮಳೆಗೆ ಮೈಯೊಡ್ಡಿ ನಿಂತಿದ್ದಾನೆ. 12 ವರ್ಷಕ್ಕೊಮ್ಮೆ ಎಳನೀರು, ಹಾಲು, ಕಬ್ಬಿನ ಹಾಲು, ಕಷಾಯ, ಅರಿಸಿನ ಎಲ್ಲವನ್ನೂ ತಲೆಯಿಂದಲೇ ಸುರಿಸಿಕೊಳ್ಳುತ್ತಾನೆ. ಅದು ಗ್ರಾನೈಟು. ನಮ್ಮ ಯಜಮಾನರು ಆ ಮಸ್ತಕಾಭಿಷೇಕ ಕಣ್ಣಾರೆ ನೋಡಿ, ಕೈಮುಗಿದು, ವಾಪಸು ಬಂದು ಅಡುಗೆಮನೆ ಕಟ್ಟೆಗೆ ಕರಾರಾ ಬರೆಸಿದರು.

ಇನ್ನು ಕೂರಿಸುವುದು. 18 ಮಿಲಿಮೀಟರಿನ ಹಾಳೆ, ಬೆನ್ನಿಗೆ ಬಿರುಕು ಬಿಡದಂತೆ ಅಂಟಿಸಿದ ಫೈಬರ್ ಬಲೆ. ಬೂದು ಸಿಮೆಂಟಿನ ಛಾಯೆ ಮೇಲೆ ಕಂಡೀತೆಂದು ಕೆಳಗೆ ಬಿಳಿ ಸಿಮೆಂಟು. ಹಾಸಿದ ಮರುದಿನವೇ ಬಡಗಿ, ಪೇಂಟರು, ಪ್ಲಂಬರು ಬರುತ್ತಾರಲ್ಲ, ಅವರಿಂದ ಕಾಪಾಡಲು ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಹೀಗೆ ಲಕ್ಷಾಂತರದ ನೆಲ ತಿಂಗಳುಗಟ್ಟಲೆ ಸಮಾಧಿಸ್ಥ. ಅದೇ ಹೊತ್ತಿಗೆ ಹೊರಗೆ ಮೆಟ್ಟಿಲಿಗೆಂದು ಗ್ರಾನೈಟ್ ಕೊಯ್ಯುವ ಹುಡುಗನ ಮೂಗಿಗೆ ಒಂದು ಹಳೆ ಟವೆಲ್ಲು. ಒಣ ಕಟ್ಟರಿನಿಂದ ಏಳುವ ಸ್ಫಟಿಕದ ಧೂಳು ವರ್ಷಾನುಗಟ್ಟಲೆ ಎದೆಗಿಳಿದರೆ ಸಿಲಿಕೋಸಿಸ್, ಅದು ವಾಸಿಯಾಗುವ ಕಾಯಿಲೆಯಲ್ಲ. ಆ ಮನೆಯಲ್ಲಿ ಎರಡು ಪದರದ ರಕ್ಷಣೆ ಇದ್ದದ್ದು ನೆಲಕ್ಕೆ.

ಗೃಹಪ್ರವೇಶದ ದಿನ ಧರ್ಮಕ್ಕೂ ನೆಲಕ್ಕೂ ನೇರ ಹಣಾಹಣಿ. ಮೊದಲು ಹಸು ಒಳಗೆ ಬರಬೇಕು. ಪಾಲಿಶ್ ನೆಲದ ಮೇಲೆ ಗೊರಸು ಜಾರಿದರೆ ಗೋವಿಗೂ ಕಷ್ಟ, ಗೀರಿದರೆ ಯಜಮಾನರಿಗೂ ಕಷ್ಟ. ಹೊಸ್ತಿಲಿಂದ ದೇವರಮನೆಯವರೆಗೆ ಗೋಣಿಚೀಲ ಹಾಸಿದರು. ಹಸು ಎರಡು ಹೆಜ್ಜೆ ಇಟ್ಟು, ತನ್ನ ಕಾಣಿಕೆಯನ್ನು ಗೋಣಿಚೀಲ ಬಿಟ್ಟು ಸರಿಯಾಗಿ ಪಕ್ಕಕ್ಕೇ ಹಾಕಿತು. ಶುಭ ಶಕುನವೆಂದು ಮುತ್ತೈದೆಯರು ಅಂದರು; ಯಜಮಾನರು ಟಿಶ್ಯೂ ಹುಡುಕಿದರು. ಹಾಲು ಉಕ್ಕಬೇಕು, ಆದರೆ ಕಟ್ಟೆಯ ಮೇಲೆ ಬೀಳಬಾರದು ಎಂದು ತಟ್ಟೆ ಇಟ್ಟರು. ಪಂಚಾಮೃತಕ್ಕೆ ಮೊಸರು ಬೇಡ ಅಂದಾಗ ಪುರೋಹಿತರು, ‘ನಾಲ್ಕಕ್ಕೆ ಮಂತ್ರ ಇಲ್ಲ’ ಅಂದರು. ಆರತಿಯ ಅರಿಸಿನ, ಸುಣ್ಣದ ಕೆಂಪು ನೀರನ್ನು ಅತ್ತೆಯವರ ಕೈಯಿಂದ ಕಸಿದು ಗೇಟಿನ ಹೊರಗೆ ಒಯ್ದದ್ದು ಯಜಮಾನರೇ.

ಈಗ ಅಡುಗೆಯೆಲ್ಲ ಹಿಂದಿನ ಯುಟಿಲಿಟಿಯಲ್ಲಿ, ಕರಿ ಕಡಪ ಕಲ್ಲಿನ ಮೇಲೆ. ಕರಾರಾ ಕಟ್ಟೆಯ ಮೇಲೆ ಒಂದು ಹೂದಾನಿ ಇದೆ, ಅದರಡಿಯಲ್ಲಿ ಒಂದು ಮ್ಯಾಟು. ಕೆಲಸಕ್ಕೆ ಬಂದ ಹೆಂಗಸಿಗೆ ಮನೆಯೊಡತಿ ಹೇಳಿಕೊಟ್ಟರು: ಫಿನಾಯಿಲ್ ಬೇಡ, ಆ್ಯಸಿಡ್ ಅಂತೂ ಮನೆಯೊಳಗೇ ತರಬೇಡ, ಒರಟು ನಾರು ಬೇಡ, ಮೊದಲು ಮೆತ್ತನೆ ಬಟ್ಟೆಯಲ್ಲಿ ಧೂಳು ತೆಗಿ, ಆಮೇಲೆ ಈ ಬಾಟಲಿಯದ್ದೇ ಒಂದು ಮುಚ್ಚಳ, ಏನಾದರೂ ಚೆಲ್ಲಿದರೆ ಉಜ್ಜದೆ ಒತ್ತಿ ತೆಗಿ, ಒದ್ದೆ ಬಿಡಬೇಡ.

ಆಕೆ ಎಲ್ಲ ಕೇಳಿಸಿಕೊಂಡಳು. ‘ಆಯ್ತಕ್ಕ. ಕಸ-ಮುಸುರೆ ರೇಟ್‌ಗೆ ಇದು ಆಗಲ್ಲ. ಆ ಕ್ರಾಸಲ್ಲಿ ಒಂದು ಮನೇಲಿ ಎಳೆಮಗು ನೋಡ್ಕೊತೀನಿ, ಅಲ್ಲಿ ಕೊಡೋದನ್ನೇ ಕೊಡಿ.’